ಕಾನೂನಿನ ಓದಿಗೆ ಕೊಟ್ಟ ಕೈಗಳು

ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ಕಾದವರಿಗೆ ಆ ಸೀಮೆಯ ಬದುಕು ಅರ್ಥವಾಗಲು ಬಹಳ ಹೊತ್ತು ಬೇಕಿಲ್ಲ. ಎತ್ತ ನೋಡಿದರೂ ತೆಂಗು, ಕಾಯಿ ತುಂಬಿದ ಲಾರಿ, ಅರಸೀಕೆರೆಗೋ ಹಾಸನಕ್ಕೋ ಹೊರಟ ಜನ. ಕಳೆದ ಶಾಬಾನ್ ತಿಂಗಳಲ್ಲಿ ಆ ಕಡೆಯ ಒಂದು ಜಮಾಅತಿನವರು ನಮ್ಮನ್ನು ತಮ್ಮ ಸಭೆಗೆ ಕರೆದಿದ್ದರು. ಕತೆ ಬರೆಯುವವರಿಗೆ ಜಮಾಅತಿನ ಸಭೆಯಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ನಮಗೆ ಉರ್ದು, ಕನ್ನಡ ಎರಡೂ ಓದಲು ಬರುತ್ತದೆ. ಹಳೆಯ ಕಾಗದವೊಂದನ್ನು ಓದಿ ಹೇಳಬೇಕಿತ್ತು, ಅಷ್ಟೆ.

ಸಭೆಯ ಮುಂದೆ ಎರಡು ವಿಷಯಗಳಿದ್ದವು. ಮೊದಲನೆಯದು ಊರಿನ ಹಿರಿಯರೊಬ್ಬರು ಬಹಳ ಹಿಂದೆ ಮಸೀದಿಗೆ ಬಿಟ್ಟುಕೊಟ್ಟ ತೋಟದ ವ್ಯಾಜ್ಯ. ಪತ್ರ ಉರ್ದುವಿನಲ್ಲಿದೆ, ಪಹಣಿಯಲ್ಲಿ ಬೇರೆಯವರ ಹೆಸರಿದೆ, ನ್ಯಾಯಾಲಯದಲ್ಲಿ ವಾಯಿದೆಯ ಮೇಲೆ ವಾಯಿದೆ. ತೋಟದ ಫಸಲಿನ ಹಣ ಮಸೀದಿಯ ದೀಪಕ್ಕೂ ಮಕ್ಕಳ ಓದಿಗೂ ಹೋಗಬೇಕೆಂದು ಆ ಹಿರಿಯರು ಬರೆಸಿದ್ದರು. ವಕೀಲರ ಫೀಸಿಗೆ ಎಷ್ಟು ಚಂದಾ ಎತ್ತಬೇಕೆಂಬ ಚರ್ಚೆ ಅಸರ್ ನಮಾಝಿನವರೆಗೂ ನಡೆಯಿತು. ಎರಡನೆಯದು ಒಂದು ಅರ್ಜಿ. ಕಾಯಿ ಸುಲಿಯುವ ಕೂಲಿಕಾರರೊಬ್ಬರ ಮಗಳು ಬಿ.ಎ. ಮುಗಿಸಿ, ಹಾಸನದಲ್ಲಿ ಮೂರು ವರ್ಷದ ಎಲ್‌ಎಲ್.ಬಿ. ಓದಬೇಕೆಂದಿದ್ದಳು. ಬಸ್ಸಿನ ಖರ್ಚಿಲ್ಲ, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಫೀಸಿಗೂ ಪುಸ್ತಕಕ್ಕೂ ಝಕಾತಿನಿಂದ ನೆರವಾಗಬೇಕೆಂದು ಕೇಳಿದ್ದಳು. ಈ ವಿಷಯಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ.

"ಡಾಕ್ಟರಿಕೆ ಓದ್ತೀನಿ ಅಂದಿದ್ದರೆ ಕೊಡಬಹುದಿತ್ತು ಸಾಹೇಬ್, ವಕೀಲಿಗೆ ಹ್ಯಾಗೆ ಕೊಡೋದು? ಸುಳ್ಳು ಹೇಳೋ ಕಸುಬು" ಎಂದರು ಒಬ್ಬರು. ಉಳಿದವರು ತಲೆಯಾಡಿಸಿದರು. ಮುತವಲ್ಲಿ ಸಾಹೇಬರು ಅರ್ಜಿಯನ್ನು ಮಡಚಿ ಅದೇ ತೋಟದ ಫೈಲಿನೊಳಗೆ ಇಟ್ಟರು.

ಅರ್ಜಿ ಹೋಗಿ ಕುಳಿತ ಜಾಗ ನೋಡಿ ನಮಗೆ ನಗು ಬಂತು, ಆಮೇಲೆ ಬೇಸರವೂ ಆಯಿತು. ವಕೀಲರಿಗಾಗಿ ಚಂದಾ ಎತ್ತುವ ಸಭೆಗೆ ವಕೀಲಳಾಗಲು ಹೊರಟ ಮಗಳು ಕಾಣಲಿಲ್ಲ. ಕಾನೂನು ಓದುವವರಿಗೆ ದಾನ ಕೊಡುವುದು ಹೊಸ ಮಾತೇ? ಊರಿಗೆ ಮರಳಿದ ಮೇಲೆ ನಾವು ಹಳೆಯ ಪುಸ್ತಕಗಳನ್ನು ತೆರೆದೆವು. ಓದಿದ್ದರಲ್ಲಿ ಕೆಲವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ನಮ್ಮ ನೆಲದಿಂದಲೇ. ಅರಸೀಕೆರೆ, ಹಾರನಹಳ್ಳಿ, ಬೇಲೂರು, ಹಳೇಬೀಡುಗಳ ಹೊಯ್ಸಳ ಶಾಸನಗಳಲ್ಲಿ ಹೆಚ್ಚಿನವು ದಾನಪತ್ರಗಳೇ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. ಅದನ್ನು ತಿರುವಿದರೆ ಕೆರೆಗೆ, ಗುಡಿಗೆ, ಛತ್ರಕ್ಕೆ, ಓದಿಸುವವರಿಗೆ ಬಿಟ್ಟ ಭೂಮಿಯ ಲೆಕ್ಕ ಸಾಲುಸಾಲಾಗಿ ಸಿಗುತ್ತದೆ. ಭೂಮಿಯ ನಾಲ್ಕು ಎಲ್ಲೆಗಳನ್ನು ಹೇಳಿದ ಮೇಲೆ ಕೊನೆಗೆ ಒಂದು ಶಾಪ: ತಾನು ಕೊಟ್ಟದ್ದನ್ನಾಗಲಿ ಇತರರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ. ಗಂಗೆಯ ದಡದಲ್ಲಿ ಗೋವನ್ನು ಕೊಂದ ಪಾಪವೂ ಅವನಿಗೇ. ಅಂದಿನವರು ದಾನದ ಕಾವಲಿಗೆ ಇಟ್ಟದ್ದು ಈ ಶಾಪವನ್ನು. ಶಾಪಕ್ಕೆ ಹೆದರುವ ಜನ ಇರುವವರೆಗೆ ಅದು ಸಾಕಾಗಿತ್ತೇನೋ.

ಇಸ್ಲಾಮಿನಲ್ಲಿ ವಕ್ಫಿನ ಮೂಲವನ್ನು ಹೇಳುವಾಗ ವಿದ್ವಾಂಸರು ಹಝ್ರತ್ ಉಮರ್(ರ)ರಿಗೆ ಖೈಬರಿನಲ್ಲಿ ಸಿಕ್ಕ ಜಮೀನನ್ನು ನೆನೆಯುತ್ತಾರೆ. ಮೂಲವನ್ನು ಮಾರದೆ, ದಾನ ಕೊಡದೆ, ವಾರಸುದಾರರಿಗೂ ಬಿಡದೆ ಕಟ್ಟಿಹಾಕಿ, ಅದರ ಫಲವನ್ನು ಹಂಚುವಂತೆ ಪ್ರವಾದಿ(ಸ)ಯವರು ಸೂಚಿಸಿದರೆಂಬುದು ಪ್ರಸಿದ್ಧ ಹದೀಸ್. ಆಮೇಲಿನ ಶತಮಾನಗಳಲ್ಲಿ ಈ ಫಲದ ದೊಡ್ಡ ಪಾಲು ಹೋದದ್ದು ಎಲ್ಲಿಗೆ? ಮದ್ರಸಗಳಿಗೆ. ಮದ್ರಸ ಎಂದ ಕೂಡಲೇ ಇಂದು ನಮ್ಮ ಕಣ್ಣಿಗೆ ಬರುವುದು ಕುರ್‌ಆನ್ ಕಂಠಪಾಠ ಮಾಡುವ ಮಕ್ಕಳು. ಆದರೆ ಸೆಲ್ಜೂಕರ ವಝೀರ ನಿಝಾಮುಲ್ ಮುಲ್ಕ್ ಬಗ್ದಾದಿನಲ್ಲಿ ಕಟ್ಟಿಸಿದ, 1067ರಲ್ಲಿ ಬಾಗಿಲು ತೆರೆದ ನಿಝಾಮಿಯಾದ ಮುಖ್ಯ ಪಾಠ ಫಿಕ್ಹ್, ಅಂದರೆ ಕಾನೂನು. ಶಾಫಿಈ ಪಂಥದ ನ್ಯಾಯಶಾಸ್ತ್ರವನ್ನು ಕಲಿಸಲೆಂದೇ ಅದಕ್ಕೆ ವಕ್ಫ್ ಬಿಡಲಾಗಿತ್ತು. ಇಮಾಮ್ ಗಝ್ಝಾಲಿ 1091ರಿಂದ ಅಲ್ಲಿ ಪಾಠ ಹೇಳಿದರು. ಮದ್ರಸದ ಇತಿಹಾಸವನ್ನು ಆಳವಾಗಿ ಅಭ್ಯಾಸ ಮಾಡಿದ ಜಾರ್ಜ್ ಮಕ್ದಿಸಿ ಅವರ ಪ್ರಕಾರ ಮದ್ರಸ ಎಂದರೆ ಮೊದಲಿಗೆ ಕಾನೂನು ಕಾಲೇಜು. ಉಳಿದ ವಿದ್ಯೆಗಳು ಅದರ ಸುತ್ತ ಬೆಳೆದವು. ಓದುವವನಿಗೆ ಕೋಣೆ, ಊಟ, ಕೈಖರ್ಚು, ಓದಿಸುವವನಿಗೆ ಸಂಬಳ, ಎಲ್ಲವೂ ವಕ್ಫಿನಿಂದ. ವಕೀಲಿಗೆ ಝಕಾತು ಹೇಗೆ ಕೊಡುವುದು ಎಂದು ಕೇಳಿದ ಹಿರಿಯರಿಗೆ ಇದನ್ನು ಹೇಳಬೇಕಿತ್ತು. ಆ ಹೊತ್ತಿಗೆ ನಮಗೆ ನೆನಪಾಗಲಿಲ್ಲ.

ನಮ್ಮ ಕರ್ನಾಟಕದಲ್ಲಿಯೇ ಇದರ ಒಂದು ದೊಡ್ಡ ಗುರುತು ನಿಂತಿದೆ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸವನ್ನು ನೋಡಿದವರು ಅದರ ನೀಲಿ ಹೆಂಚಿನ ಮಿನಾರನ್ನು ಮರೆಯುವುದಿಲ್ಲ. ಗವಾನ್ ಇರಾನಿನ ಗೀಲಾನ್ ಸೀಮೆಯಿಂದ ವ್ಯಾಪಾರಿಯಾಗಿ ಬಂದವರು, ಬಹಮನಿ ರಾಜ್ಯದ ವಝೀರರಾದರು. ವ್ಯಾಪಾರವನ್ನು ಮಾತ್ರ ಬಿಡಲಿಲ್ಲ. ಅದರ ಲಾಭ ದಾನಕ್ಕೂ ಓದಿಗೂ ಹೋಗುತ್ತಿತ್ತೆಂದು ಫಿರಿಶ್ತಾ ಬರೆಯುತ್ತಾರೆ. ಆ ಮೂರಂತಸ್ತಿನ ಕಟ್ಟಡದಲ್ಲಿ ವಿದ್ಯಾರ್ಥಿಗಳಿಗೆ ಕೋಣೆಗಳಿದ್ದವು, ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯವಿತ್ತು. ಗವಾನರ ಅಂತ್ಯದ ಕತೆ ಮಾತ್ರ ಕರುಳು ಹಿಂಡುವಂಥದ್ದು. ಅವರನ್ನು ಕಂಡರಾಗದವರು ಅವರ ಮೊಹರು ಕಾಯುವವನನ್ನು ಮರುಳು ಮಾಡಿ ಖಾಲಿ ಕಾಗದಕ್ಕೆ ಮೊಹರು ಒತ್ತಿಸಿಕೊಂಡರು. ಅದರ ಮೇಲೆ ರಾಜದ್ರೋಹದ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. ವಿಚಾರಣೆಯಿಲ್ಲ, ಸಾಕ್ಷಿಯಿಲ್ಲ, 1481ರಲ್ಲಿ ಗವಾನರ ತಲೆ ಬಿತ್ತು. ನ್ಯಾಯಶಾಸ್ತ್ರ ಓದುವವರಿಗೆ ಮನೆ ಕಟ್ಟಿಸಿಕೊಟ್ಟ ಮನುಷ್ಯ ಒಂದು ಸುಳ್ಳು ಕಾಗದಕ್ಕೆ ಬಲಿಯಾದ. ಕಟ್ಟಡದ ಅರ್ಧ ಭಾಗ 1696ರಲ್ಲಿ, ಮೊಗಲರ ಸೈನ್ಯದ ಕೈಯಲ್ಲಿದ್ದಾಗ, ಮದ್ದಿನ ಸ್ಫೋಟದಲ್ಲಿ ಹಾರಿಹೋಯಿತು.

ಬೀದರಿನಿಂದ ಒಮ್ಮೆಲೇ ಕಲ್ಕತ್ತೆಗೆ ಹೋಗಬೇಕಾಗಿದೆ. ಬ್ರಿಟಿಷರ ಕಾಲದಲ್ಲಿ ವಕ್ಫಿನ ಭವಿಷ್ಯ ತೀರ್ಮಾನವಾದದ್ದು ಅಲ್ಲಿಯ ಹೈಕೋರ್ಟಿನಲ್ಲಿ ಮತ್ತು ಲಂಡನ್ನಿನ ಪ್ರಿವಿ ಕೌನ್ಸಿಲಿನಲ್ಲಿ. ಗಂಡಸಿಯ ಕಡೆಯ ತೋಟದ ಕಾಗದಕ್ಕೂ ಆ ತೀರ್ಮಾನಗಳ ನಂಟಿದೆ.

ಹೂಗ್ಲಿಯ ಹಾಜಿ ಮುಹಮ್ಮದ್ ಮುಹ್ಸಿನ್ ಮದುವೆಯಾಗದ, ಮಕ್ಕಳಿಲ್ಲದ ಶ್ರೀಮಂತ. 1806ರಲ್ಲಿ ತಮ್ಮ ಆಸ್ತಿಯನ್ನೆಲ್ಲ ವಕ್ಫ್ ಮಾಡಿ, 1812ರಲ್ಲಿ ತೀರಿಕೊಂಡರು. ಮುತವಲ್ಲಿಗಳ ಮೇಲೆ ದೂರುಗಳು ಬಂದವು, ಸರ್ಕಾರ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಕೂಡಿಬಿದ್ದಿದ್ದ ಹಣದಿಂದ 1836ರಲ್ಲಿ ಹೂಗ್ಲಿ ಕಾಲೇಜು ತೆರೆಯಿತು. ಒಳ್ಳೆಯದೇ, ಆದರೆ ಮುಸ್ಲಿಮನೊಬ್ಬನ ವಕ್ಫಿನಿಂದ ಎದ್ದ ಆ ಕಾಲೇಜಿನಲ್ಲಿ ಮುಸ್ಲಿಂ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು ಮಂದಿ. ಇದನ್ನು ಎತ್ತಿ ಆಡಿದವನು ಇಂಗ್ಲಿಷ್ ಅಧಿಕಾರಿಯೇ: 1871ರಲ್ಲಿ ಡಬ್ಲ್ಯು.ಡಬ್ಲ್ಯು. ಹಂಟರ್ ತನ್ನ ಪುಸ್ತಕದಲ್ಲಿ ಇದು ಮುಸ್ಲಿಮರ ಮನಸ್ಸನ್ನು ಸುಡುವ ಅನ್ಯಾಯವೆಂದು ಬರೆದ. 1873ರಲ್ಲಿ ಮುಹ್ಸಿನ್ ನಿಧಿಯನ್ನು ಮದ್ರಸಗಳಿಗೂ ಮುಸ್ಲಿಂ ವಿದ್ಯಾರ್ಥಿಗಳ ನೆರವಿಗೂ ತಿರುಗಿಸಲಾಯಿತು.

ಆ ಬೆರಳೆಣಿಕೆಯವರಲ್ಲಿ ಒಬ್ಬರು ಸೈಯದ್ ಅಮೀರ್ ಅಲಿ. 1849ರಲ್ಲಿ ಕಟಕ್‌ನಲ್ಲಿ ಹುಟ್ಟಿದವರು, ಹೂಗ್ಲಿ ಕಾಲೇಜಿನಲ್ಲಿ ಓದಿದವರು. ಸರ್ಕಾರದ ವಿದ್ಯಾರ್ಥಿವೇತನ ಪಡೆದು ಲಂಡನ್ನಿಗೆ ಹೋಗಿ 1873ರಲ್ಲಿ ಇನ್ನರ್ ಟೆಂಪಲ್‌ನಿಂದ ಬ್ಯಾರಿಸ್ಟರ್ ಆದರು. ಮುಂದೆ ಕಲ್ಕತ್ತಾ ವಿಶ್ವವಿದ್ಯಾನಿಲಯದ ಟಾಗೋರ್ ಕಾನೂನು ಉಪನ್ಯಾಸಗಳನ್ನು 1884ರಲ್ಲಿ ಅವರಿಗೆ ಒಪ್ಪಿಸಿದರು. ಅವರು ಆರಿಸಿಕೊಂಡ ವಿಷಯ ಮುಸ್ಲಿಂ ಕಾನೂನಿನಲ್ಲಿ ದಾನ, ವಕ್ಫ್ ಮತ್ತು ಮರಣಶಾಸನ.

ಈ ಟಾಗೋರ್ ಉಪನ್ಯಾಸದ ಹಿಂದಿನ ಕತೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಕಲ್ಕತ್ತೆಯ ದೊಡ್ಡ ವಕೀಲ, ಜಮೀನ್ದಾರ ಪ್ರಸನ್ನಕುಮಾರ ಟಾಗೋರ್ 1868ರಲ್ಲಿ ತೀರಿಕೊಂಡಾಗ ತಮ್ಮ ಉಯಿಲಿನಲ್ಲಿ ಕಾನೂನು ಉಪನ್ಯಾಸಗಳಿಗೆಂದು ವಿಶ್ವವಿದ್ಯಾನಿಲಯಕ್ಕೆ ಹಣ ಬಿಟ್ಟರು. ಅದೇ ಉಯಿಲಿನಲ್ಲಿ, ಕ್ರೈಸ್ತ ಧರ್ಮಕ್ಕೆ ಸೇರಿದ್ದ ತಮ್ಮ ಒಬ್ಬನೇ ಮಗ ಜ್ಞಾನೇಂದ್ರಮೋಹನನಿಗೆ ಆಸ್ತಿ ತಪ್ಪಿಸಿದರು. ಆ ಮಗನೂ ಸಾಮಾನ್ಯನಲ್ಲ, ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆದ ಮೊದಲ ಭಾರತೀಯ. ಮಗ ದಾವೆ ಹೂಡಿದ. ಅದು ಪ್ರಿವಿ ಕೌನ್ಸಿಲಿನವರೆಗೂ ಹೋಗಿ 1872ರಲ್ಲಿ ತೀರ್ಪಾಯಿತು. ಇಂದಿಗೂ ಹಿಂದೂ ಕಾನೂನಿನ ಪಾಠದಲ್ಲಿ ಟಾಗೋರ್ ಪ್ರಕರಣವನ್ನು ಓದಿಸುತ್ತಾರೆ. ಕತೆಗಾರರಾದ ನಮಗೆ ಇದಕ್ಕಿಂತ ಚೆನ್ನಾದ ಕತೆ ಹೊಳೆಯದು: ಕಾನೂನು ಕಲಿಸಲು ಹಣ ಬಿಟ್ಟ ಉಯಿಲು ತಾನೇ ಒಂದು ಪಾಠವಾಯಿತು. ಆ ಹಿಂದೂ ಹಿರಿಯನ ಹಣದಲ್ಲಿ ಮುಸ್ಲಿಂ ಬ್ಯಾರಿಸ್ಟರೊಬ್ಬ ವಕ್ಫಿನ ಕಾನೂನನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ.

ಅದರ ಅಗತ್ಯ ಬೇಗನೆ ಬಂತು. ಅಮೀರ್ ಅಲಿ 1890ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. 1892ರಲ್ಲಿ ಬಿಕಾನಿ ಮಿಯಾ ಪ್ರಕರಣ ಪೂರ್ಣಪೀಠದ ಮುಂದೆ ಬಂತು. ಮನುಷ್ಯ ತನ್ನ ಮಕ್ಕಳು ಮೊಮ್ಮಕ್ಕಳ ಜೀವನಕ್ಕೆಂದು, ಆ ಮೇಲೆ ಬಡವರಿಗೆಂದು ಮಾಡಿದ ವಕ್ಫ್ ನಿಲ್ಲುತ್ತದೆಯೇ ಎಂಬುದು ಪ್ರಶ್ನೆ. ನಿಲ್ಲುವುದಿಲ್ಲವೆಂದು ಉಳಿದವರು ಹೇಳಿದರು. ಸ್ವಂತ ಮನೆಯವರನ್ನು ಸಾಕುವುದೂ ಇಸ್ಲಾಮಿನಲ್ಲಿ ಸದಕಾವೇ ಎಂಬ ನೆಲೆಯಲ್ಲಿ ಅಮೀರ್ ಅಲಿಯವರು ಭಿನ್ನ ತೀರ್ಪು ಬರೆದರು. 1894ರಲ್ಲಿ ಇನ್ನೊಂದು ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಕೂಡ ಇಂಥ ವಕ್ಫನ್ನು ತಳ್ಳಿಹಾಕಿತು. ಮುಸ್ಲಿಮರು ಹತ್ತೊಂಬತ್ತು ವರ್ಷ ಅರ್ಜಿ ಹಾಕಿದರು, ಸಭೆ ಮಾಡಿದರು. ಕೊನೆಗೆ ಮುಹಮ್ಮದ್ ಅಲಿ ಜಿನ್ನಾ ಶಾಸನಸಭೆಯಲ್ಲಿ ತಂದ ಮಸೂದೆ 1913ರಲ್ಲಿ ವಕ್ಫ್ ಊರ್ಜಿತ ಕಾಯಿದೆಯಾಯಿತು. ಜಿನ್ನಾರ ಮುಂದಿನ ರಾಜಕೀಯದ ಬಗ್ಗೆ ನಮ್ಮ ಅಭಿಪ್ರಾಯ ಬೇರೆ. ಆದರೆ ಆ ಮಸೂದೆಯ ಹಿಂದಿನ ನ್ಯಾಯಶಾಸ್ತ್ರದ ಕೆಲಸ ಅಮೀರ್ ಅಲಿಯವರದ್ದು. 1909ರಲ್ಲಿ ಅವರೇ ಪ್ರಿವಿ ಕೌನ್ಸಿಲಿನ ನ್ಯಾಯ ಸಮಿತಿಗೆ ನೇಮಕವಾದ ಮೊದಲ ಭಾರತೀಯ. ಮುಹ್ಸಿನ್ ಸಾಹೇಬರ ವಕ್ಫಿನ ಹಣದ ಕಾಲೇಜಿನಲ್ಲಿ ಓದಿದ ಹುಡುಗ ವಕ್ಫಿನ ಕಾವಲಿಗೆ ನಿಂತ. ಆ ವಕ್ಫಿನ ಹಣವೆಲ್ಲ ಮಿನಾರುಗಳಿಗೇ ಹೋಗಿದ್ದರೆ 1892ರಲ್ಲಿ ಆ ಭಿನ್ನ ತೀರ್ಪನ್ನು ಬರೆಯುವವರು ಯಾರಿದ್ದರು?

ಈಗ ಮತ್ತೆ ಕನ್ನಡನಾಡಿಗೆ ಬರೋಣ. ಹಳೆಯ ಮೈಸೂರು ಸಂಸ್ಥಾನ ವಿದ್ಯೆಗೆ ಹೆಸರಾದದ್ದು. ವಿಶ್ವವಿದ್ಯಾನಿಲಯ 1916ರಲ್ಲೇ ಬಂತು. ಮಿಲ್ಲರ್ ಸಮಿತಿಯ 1919ರ ವರದಿ ಮುಸ್ಲಿಮರನ್ನೂ ಸೇರಿಸಿ ಹಿಂದುಳಿದವರಿಗೆ ವಿದ್ಯಾರ್ಥಿವೇತನ, ನೌಕರಿಗಳಲ್ಲಿ ಪಾಲು ಸೂಚಿಸಿತು. ಆದರೆ ಸರ್ಕಾರಿ ಕಾನೂನು ಕಾಲೇಜು ಬೆಂಗಳೂರಿನಲ್ಲಿ ತೆರೆದದ್ದು 1948ರಲ್ಲಿ. ಅಲ್ಲಿಯವರೆಗೆ ವಕೀಲನಾಗಬೇಕೆಂದವನು ಮದ್ರಾಸಿಗೋ ಪುಣೆಗೋ ಮುಂಬಯಿಗೋ ಗಂಟುಮೂಟೆ ಕಟ್ಟಬೇಕಿತ್ತು. ಅರಸೀಕೆರೆ ಜಂಕ್ಷನ್ನಿನಲ್ಲಿ ಹುಬ್ಬಳ್ಳಿಯ ಕಡೆಯ ರೈಲು ಹತ್ತಿದವರಲ್ಲಿ ಅಂಥವರೂ ಇದ್ದಿರಬೇಕು. ಊಟಕ್ಕೆ, ಬಾಡಿಗೆಗೆ ಹಣವಿಲ್ಲದವನಿಗೆ ಕಾನೂನು ಎಂದರೆ ಕಚೇರಿಯ ಹೊರಗೆ ಕೈಕಟ್ಟಿ ನಿಲ್ಲುವುದಷ್ಟೆ.

ಉತ್ತರದಲ್ಲಿ ದಾನಿಗಳು ಮೊದಲು ಎಚ್ಚೆತ್ತರು. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ವೀರಶೈವ ಮಕ್ಕಳ ವಿದ್ಯೆಗೆ ಬರೆದಿಟ್ಟಿದ್ದರು. ಆ ಟ್ರಸ್ಟಿನ ನೆರವಿನಿಂದ ಹಳ್ಳಿಯ ಹುಡುಗರು ದೊಡ್ಡ ಊರುಗಳಿಗೆ ಹೋಗಿ ಓದಿದರು. 1939ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿ ಹುಟ್ಟಿ ಕಾನೂನು ಕಾಲೇಜನ್ನು ತೆರೆಯಿತು. ಅದಕ್ಕೆ ದಾನವಿತ್ತವರು ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿ. ಕಾಲೇಜಿಗೆ ಅವರ ಹೆಸರೇ ಇದೆ. ಹಿಡಕಲ್ ಅಣೆಕಟ್ಟಿನ ಜಲಾಶಯಕ್ಕೂ ಅವರದ್ದೇ ಹೆಸರು. ನೀರಿನ ಉಪಕಾರ ಯಾರಿಗೂ ಕಾಣುತ್ತದೆ, ಕಾಲೇಜಿನದು ಅಷ್ಟು ಸುಲಭವಾಗಿ ಕಾಣುವುದಿಲ್ಲ.

ಒಂದು ನಿದರ್ಶನ ಕೊಡುತ್ತೇವೆ. ಮಂಡ್ಯದ ಸೀಮೆಯ ಎಂಗಲಗುಪ್ಪೆಯ ಹುಡುಗ ಇ.ಎಸ್. ವೆಂಕಟರಾಮಯ್ಯ ಕಾನೂನು ಓದಲು ಪುಣೆಗೆ, ಆಮೇಲೆ ಬೆಳಗಾವಿಯ ಈ ಕಾಲೇಜಿಗೆ ಹೋದರು. 1989ರಲ್ಲಿ ಅವರು ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ವಂಟಮುರಿಯ ದೊರೆಯ ಹಣದ ಫಲ ಮೈಸೂರು ಸೀಮೆಯವರಿಗೂ ದಕ್ಕಿತು.

ನಮ್ಮ ರಾಜ್ಯದ ಕಾನೂನು ಕಾಲೇಜುಗಳ ಹೆಸರುಫಲಕಗಳನ್ನು ಓದುವುದೇ ಒಂದು ಪಾಠ. ಕಲಬುರಗಿಯಲ್ಲಿ ಸೇಠ್ ಶಂಕರಲಾಲ್ ಲಾಹೋಟಿ, ದಾವಣಗೆರೆಯಲ್ಲಿ ರಾಜನಹಳ್ಳಿ ಲಕ್ಷ್ಮಣಶೆಟ್ಟಿ, ಬಳ್ಳಾರಿಯಲ್ಲಿ ವುಂಕಿ ಸಣ್ಣರುದ್ರಪ್ಪ. ಬೆಳಗಾವಿಯದೂ ದಾವಣಗೆರೆಯದೂ ಆಡುಮಾತಿನಲ್ಲಿ ಆರ್.ಎಲ್. ಲಾ ಕಾಲೇಜೇ ಆದುದರಿಂದ, ನಾವು ಒಮ್ಮೆ ಒಂದರ ಪತ್ರವನ್ನು ಇನ್ನೊಂದರ ವಿಳಾಸಕ್ಕೆ ಬರೆದು ಪೇಚಿಗೆ ಸಿಕ್ಕಿದ್ದೆವು. ಉಡುಪಿಯಲ್ಲಿ ಟಿ.ಎಂ.ಎ. ಪೈಯವರು 1957ರಲ್ಲಿ ಆರಂಭಿಸಿದ ಕಾಲೇಜಿಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದ ವೈಕುಂಠ ಬಾಳಿಗರ ಹೆಸರಿದೆ. ಜಮೀನ್ದಾರ, ವ್ಯಾಪಾರಿ, ವೈದ್ಯ ಎಲ್ಲರೂ ಈ ಸಾಲಿನಲ್ಲಿದ್ದಾರೆ. ಮುಸ್ಲಿಂ ಸಂಸ್ಥೆಗಳೂ ಇಲ್ಲದಿಲ್ಲ. ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಕಟ್ಟಿದ ಅಲ್ ಅಮೀನ್ ಸಂಸ್ಥೆಗೆ ಕಾನೂನು ಕಾಲೇಜಿದೆ. ನಮ್ಮ ರೈಲು ಹಾದಿಯ ತುಮಕೂರಿನಲ್ಲಿ ಸುಫಿಯಾ ಕಾನೂನು ಕಾಲೇಜಿದೆ. ಆದರೆ ಕಾಲೇಜು ಕಟ್ಟಿದ ಮಾತ್ರಕ್ಕೆ ಮುಗಿಯಲಿಲ್ಲ. ಅದರ ಬೆಂಚಿನ ಮೇಲೆ ಕೂರುವವನ ಹೊಟ್ಟೆಯ ಪ್ರಶ್ನೆ ಬೇರೆ.

ಇದನ್ನು ಅಂಬೇಡ್ಕರರ ಬದುಕಿನಷ್ಟು ಸ್ಪಷ್ಟವಾಗಿ ತೋರಿಸುವುದು ಮತ್ತೊಂದಿಲ್ಲ. 1913ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅವರು ಕೊಲಂಬಿಯಾಕ್ಕೆ ಹೋದರು. 1916ರಲ್ಲಿ ಲಂಡನ್ನಿನ ಗ್ರೇಸ್ ಇನ್ ಸೇರಿದರು. ವೇತನದ ಅವಧಿ ಮುಗಿದು 1917ರಲ್ಲಿ ಓದು ಅರ್ಧಕ್ಕೇ ನಿಂತಿತು. 1920ರಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ತಮ್ಮ ಉಳಿತಾಯ, ಪಾರ್ಸಿ ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ ಎಲ್ಲವನ್ನೂ ಕೂಡಿಸಿಕೊಂಡು ಮರಳಿ ಹೋಗಿ ಬ್ಯಾರಿಸ್ಟರ್ ಆದರು. ಮುಂಬಯಿಗೆ ಬಂದ ಮೇಲೆ ವಕೀಲಿ ಆರಂಭಿಸಲು ಸನ್ನದಿನ ಶುಲ್ಕಕ್ಕೂ ಕೈಯಲ್ಲಿ ಕಾಸಿರಲಿಲ್ಲ. ಆಗಲೂ ಭಥೇನಾರೇ ಕೈ ಹಿಡಿದರು. ದೊರೆಗಳು ಕೊಟ್ಟದ್ದನ್ನು ಎಲ್ಲರೂ ಬರೆದಿದ್ದಾರೆ. ಗೆಳೆಯನ ಆ ಸನ್ನದಿನ ಹಣ ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ದಾನದ ಹಣ ಎಲ್ಲಿಂದ ಬಂತು ಎಂದೂ ಕೇಳಬೇಕಾಗುತ್ತದೆ. ಅಮೆರಿಕದ ಹಾರ್ವರ್ಡ್ ಕಾನೂನು ಶಾಲೆಯ ಬುನಾದಿ ಐಸಾಕ್ ರಾಯಲ್ ಎಂಬುವನ ಮರಣಶಾಸನದ ಹಣ. ಆ ಕುಟುಂಬದ ಸಂಪತ್ತು ಆಂಟಿಗುವಾ ದ್ವೀಪದಲ್ಲಿ ಗುಲಾಮರನ್ನು ದುಡಿಸಿ ಗಳಿಸಿದ್ದು. ಶಾಲೆಯ ಲಾಂಛನದಲ್ಲಿದ್ದ ರಾಯಲ್ ಮನೆತನದ ಮೂರು ಗೋಧಿಯ ಸಿವುಡುಗಳನ್ನು ವಿದ್ಯಾರ್ಥಿಗಳ ಹೋರಾಟದ ನಂತರ 2016ರಲ್ಲಿ ತೆಗೆದುಹಾಕಿದರು. ಹಲಾಲ್ ಹರಾಮಿನ ಲೆಕ್ಕ ನಮ್ಮ ಮನೆಯದು ಮಾತ್ರ ಎಂದುಕೊಂಡವರು ಇದನ್ನು ಗಮನಿಸಬೇಕು.

ಕರ್ನಾಟಕ ವಿಧಾನಮಂಡಲ 1986ರಲ್ಲಿ ಮಾಡಿದ ಕಾಯಿದೆಯಿಂದ ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿತು. ಎನ್.ಆರ್. ಮಾಧವ ಮೆನನ್ ಅದರ ಮೊದಲ ನಿರ್ದೇಶಕರು. ಫೋರ್ಡ್ ಫೌಂಡೇಶನ್ ಆರಂಭದ ವರ್ಷಗಳಲ್ಲಿ ಹಣ ಕೊಟ್ಟಿತು. ಮುಂದೆ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಗ್ರಂಥಾಲಯ ಕಟ್ಟಡ ಎದ್ದಿತು. ದೇಶದ ಬುದ್ಧಿವಂತ ಮಕ್ಕಳು ನಾಗರಭಾವಿಗೆ ಬಂದರು. ಇದೇ ಮಾದರಿಯಲ್ಲಿ ಬೇರೆ ರಾಜ್ಯಗಳಲ್ಲೂ ಶಾಲೆಗಳು ಬಂದವು, 2008ರಿಂದ ಪ್ರವೇಶಕ್ಕೆ ಕ್ಲಾಟ್ ಎಂಬ ಒಂದೇ ಪರೀಕ್ಷೆ. ಪರೀಕ್ಷೆ ಇಂಗ್ಲಿಷಿನದು, ಕೋಚಿಂಗ್ ನಗರಗಳದ್ದು, ಫೀಸು ವರ್ಷಕ್ಕೆ ಲಕ್ಷಗಳ ಲೆಕ್ಕದ್ದು. ಗಂಡಸಿಯಲ್ಲಿ ಕನ್ನಡದಲ್ಲೋ ಉರ್ದುವಿನಲ್ಲೋ ಓದಿದ ಮಗುವಿಗೆ ಆ ಹೆಸರೂ ತಲುಪುವುದಿಲ್ಲ.

ಇದು ಸರಿಯಲ್ಲವೆಂದು ಗಟ್ಟಿಯಾಗಿ ಹೇಳಿದವರು ಅದೇ ಶಾಲೆಯಲ್ಲಿ ಓದಿದ ಶಮ್ನಾದ್ ಬಶೀರ್. ಕೇರಳದವರು, ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು, ಬೌದ್ಧಿಕ ಸ್ವತ್ತಿನ ಕಾನೂನಿನಲ್ಲಿ ದೊಡ್ಡ ಹೆಸರು. ಕ್ಯಾನ್ಸರ್ ಔಷಧಿಯ ಪೇಟೆಂಟಿನ ನೊವಾರ್ಟಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ತಾವೇ ನಿಂತು ವಾದ ಮಂಡಿಸಿದವರು. ಕಲ್ಕತ್ತೆಯಲ್ಲಿ ಪ್ರಾಧ್ಯಾಪಕರಾಗಿದ್ದಾಗ, 2010ರಲ್ಲಿ, ಇಡಿಯಾ ಎಂಬ ಸಂಸ್ಥೆ ಆರಂಭಿಸಿದರು. ಕಾನೂನು ಶಾಲೆಗಳ ವಿದ್ಯಾರ್ಥಿಗಳೇ ಸರ್ಕಾರಿ ಶಾಲೆಗಳಿಗೆ, ಹಳ್ಳಿಗಳಿಗೆ ಹೋಗಿ ಬಡ ಮಕ್ಕಳನ್ನು, ದೃಷ್ಟಿಯಿಲ್ಲದ ಮಕ್ಕಳನ್ನು ಆರಿಸಿ ತಯಾರು ಮಾಡುವುದು; ಪಾಸಾದವರ ಫೀಸಿಗೆ ವಕೀಲರಿಂದ, ಸಂಸ್ಥೆಗಳಿಂದ ಹಣ ಎತ್ತುವುದು. ಫೀಸಿನ ಜೊತೆಗೆ ಇಂಗ್ಲಿಷಿನ ಪಾಠವೂ, ಹಾಸ್ಟೆಲಿನ ಒಂಟಿತನಕ್ಕೆ ಒಬ್ಬ ಹಿರಿಯ ಜೊತೆಗಾರನೂ ಬೇಕೆಂದು ಅವರು ಅರಿತಿದ್ದರು. ನಿಝಾಮಿಯಾದ ಕೋಣೆ, ಊಟ, ಕೈಖರ್ಚಿನ ವ್ಯವಸ್ಥೆ ಹೊಸ ಉಡುಪಿನಲ್ಲಿ ಬಂದಂತೆ ನಮಗೆ ಕಾಣುತ್ತದೆ.

2019ರ ಆಗಸ್ಟಿನಲ್ಲಿ ಶಮ್ನಾದರ ಶವ ಬಾಬಾಬುಡನ್‌ಗಿರಿಯ ಬಳಿ ಅವರ ಕಾರಿನಲ್ಲಿ ಸಿಕ್ಕಿತು. ಇನ್ನೂ ನಲವತ್ಮೂರು ವರ್ಷ. ಬೇಲೂರು, ಹಳೇಬೀಡಿನವರಿಗೆ ಆ ಬೆಟ್ಟ ನೆರೆಮನೆಯಿದ್ದಂತೆ, ನಾವೂ ಎಷ್ಟೋ ಸಲ ಹತ್ತಿದ್ದೇವೆ. ಪತ್ರಿಕೆಯಲ್ಲಿ ಸುದ್ದಿ ಓದಿದ ದಿನ ಅವರು ಯಾರೆಂದು ನಮ್ಮ ಕಡೆ ಬಹುಪಾಲು ಜನರಿಗೆ ತಿಳಿದಿರಲಿಲ್ಲ. ನಮಗೂ ತಿಳಿದಿರಲಿಲ್ಲ. ಅವರ ಸಂಸ್ಥೆ ಅವರ ನಂತರವೂ ನಡೆದಿದೆ.

ಝಕಾತಿನ ಪ್ರಶ್ನೆಗೆ ಬರಬೇಕು. ಸೂರಃ ಅತ್ತೌಬದ ಅರವತ್ತನೆಯ ವಚನ ಝಕಾತಿಗೆ ಎಂಟು ಬಾಬುಗಳನ್ನು ಹೇಳುತ್ತದೆ. ವಿದ್ಯಾರ್ಥಿ ಬಡವನಾಗಿದ್ದರೆ ಮೊದಲ ಎರಡರಲ್ಲೇ ಬರುತ್ತಾನೆ, ಬೇರೆ ವಾದವೇ ಬೇಡ. 'ಅಲ್ಲಾಹನ ಮಾರ್ಗದಲ್ಲಿ' ಎಂಬ ಬಾಬಿನಲ್ಲಿ ವಿದ್ಯಾರ್ಥಿಗಳನ್ನು ಸೇರಿಸುವ ಅಭಿಪ್ರಾಯವೂ ಹನಫೀ ಗ್ರಂಥಗಳಲ್ಲಿ ದಾಖಲಾಗಿದೆ. ಅವನು ಓದುವುದು ಶರೀರಶಾಸ್ತ್ರವೋ ಸಂವಿಧಾನವೋ ಎಂದು ವಚನ ವಿಚಾರಿಸುವುದಿಲ್ಲ. ವಕೀಲಿ ಸುಳ್ಳಿನ ಕಸುಬು ಎಂಬ ಮಾತಿಗೆ ಕಿತಾಬಿನಲ್ಲಿ ಆಧಾರವಿಲ್ಲ. ಅದು ಕೋರ್ಟಿನ ಆವರಣದಲ್ಲಿ ಸೋತು ಬಂದವರು ಕಟ್ಟಿದ ಮಾತು. ಹಾಸನದಲ್ಲೇ ಬಾನು ಮುಷ್ತಾಕ್ ಅವರು ವಕೀಲಿಕೆ ಮಾಡುತ್ತಾ ಕತೆ ಬರೆದವರು. 2025ರಲ್ಲಿ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಊರೆಲ್ಲ ಸಿಹಿ ಹಂಚಿತು. ಅವರ ಕತೆಗಳನ್ನು ಹೊಗಳಿದವರು ಕರಿ ಕೋಟನ್ನೂ ಸ್ವಲ್ಪ ನೆನೆಯಬಹುದಿತ್ತು.

ಫೀಸು ಕಟ್ಟಿದ ಮೇಲೂ ಕಷ್ಟ ತೀರದು. ಹೊಸ ವಕೀಲ ಹಿರಿಯರ ಕಚೇರಿಯಲ್ಲಿ ಫೈಲು ಹೊರುವ ಮೊದಲ ಮೂರು ನಾಲ್ಕು ವರ್ಷ ಬಸ್ಸಿನ ಚಾರ್ಜು ಹುಟ್ಟಿದರೆ ಹೆಚ್ಚು. ಈ ವರ್ಷಗಳಲ್ಲೇ ಬಡವರ ಮಕ್ಕಳು ಕೋಟು ಮಡಚಿಟ್ಟು ಬೇರೆ ನೌಕರಿಗೆ ಹೋಗುತ್ತಾರೆ. ಸರ್ಕಾರ ಇದನ್ನು ಅರಿತು ಪರಿಶಿಷ್ಟರಿಗೂ ಹಿಂದುಳಿದವರಿಗೂ ಅಲ್ಪಸಂಖ್ಯಾತರಿಗೂ ಕಾನೂನು ಪದವೀಧರರ ತರಬೇತಿ ಭತ್ಯೆಯ ಯೋಜನೆಗಳನ್ನು ಮಾಡಿದೆ. ಜಮಾಅತುಗಳಿಗೆ ಅರಿವಾಗಿಲ್ಲ.

ಅರಿವಾಗಬೇಕಾದ ಹೊತ್ತು ಇದು. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಮು ರದ್ದತಿ ಕಾಯಿದೆ, 1974ರ ಭೂಸುಧಾರಣೆ, ಒಂದಾದ ಮೇಲೊಂದು ಬಂದಾಗ ಗುಡಿ ಮಸೀದಿಗಳ ಎಷ್ಟೋ ಭೂಮಿಯ ಹಕ್ಕು ಬದಲಾಯಿತು. ಉಳುವವನಿಗೆ ಹೋದದ್ದಕ್ಕೆ ನಮ್ಮ ತಕರಾರಿಲ್ಲ. ನೋಟೀಸು ಬಂದ ದಿನ ಅದನ್ನು ಓದಿ ಹೇಳುವವರು ಹಳ್ಳಿಯ ಜಮಾಅತಿನಲ್ಲಿ ಎಷ್ಟು ಜನ ಇದ್ದರು ಎಂಬುದೇ ಪ್ರಶ್ನೆ. 2025ರ ವಕ್ಫ್ ತಿದ್ದುಪಡಿ ಕಾಯಿದೆಯ ನಂತರ ಬಹುಕಾಲದ ಬಳಕೆಯಿಂದಲೇ ವಕ್ಫ್ ಎನಿಸಿಕೊಳ್ಳುವ ಹಾದಿ ಮುಂದಕ್ಕೆ ಮುಚ್ಚಿದೆ, ಬರಹದ ಪತ್ರ ಬೇಕು. ಅದೇ ವರ್ಷದ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟು ಕಾಯಿದೆಯ ಕೆಲವು ಅಂಶಗಳಿಗೆ ಮಧ್ಯಂತರ ತಡೆ ಕೊಟ್ಟಿತು, ಇಡೀ ಕಾಯಿದೆಗೆ ಕೊಡಲಿಲ್ಲ. ಅಲ್ಲಿ ವಾದಿಸಿದವರು ಹೆಸರಾಂತ ವಕೀಲರು. ತಾಲ್ಲೂಕು ಕೋರ್ಟಿನಲ್ಲಿ, ತಹಸೀಲ್ದಾರರ ಕಚೇರಿಯಲ್ಲಿ ಉರ್ದು ಪತ್ರ ಹಿಡಿದು ನಿಲ್ಲಲು ಅವರು ಬರುವುದಿಲ್ಲ.

ರಮಝಾನ್ ಕಳೆದ ಮೇಲೆ ಗಂಡಸಿಯ ಕಡೆಗೆ ಮತ್ತೊಮ್ಮೆ ಹೋಗಿದ್ದೆವು. ಮಗ್‌ರಿಬಿನ ನಂತರ ಚಾಪೆಯ ಮೇಲೆ ಕುಳಿತು ಮುಹ್ಸಿನ್ ಸಾಹೇಬರ, ಅಮೀರ್ ಅಲಿಯವರ ಕತೆ ಹೇಳಿದೆವು. ಅಂಬೇಡ್ಕರರ ಗೆಳೆಯನ ಕತೆಯನ್ನೂ ಹೇಳಿದೆವು. ಸುಳ್ಳಿನ ಕಸುಬು ಎಂದಿದ್ದ ಹಿರಿಯರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ಎಲ್ಲಾ ಸರಿ ಭಾಯ್, ಹುಡುಗಿ ಓದಿ ಮುಗಿಸಿ ಬರೋ ಹೊತ್ತಿಗೆ ನಮ್ಮ ತೋಟದ ಕೇಸು ಮುಗಿದೇ ಹೋಗಿದ್ದರೆ?"

"ಮೂರು ವರ್ಷ ಓದು, ಆಮೇಲೆ ನಾಲ್ಕು ವರ್ಷ ಜೂನಿಯರ್. ಆ ಕೇಸು ಅಷ್ಟರಲ್ಲಿ ಮುಗಿಯೋದಿಲ್ಲ ಚಾಚಾ, ಚಿಂತೆ ಮಾಡಬೇಡಿ" ಎಂದೆವು. ಎಲ್ಲರೂ ನಕ್ಕರು, ಅವರೂ ನಕ್ಕರು. ಮೊದಲ ವರ್ಷದ ಫೀಸು ಕೊಡುವುದೆಂದಾಯಿತು, ಪುಸ್ತಕದ ಖರ್ಚು ಕೊಬ್ಬರಿ ವ್ಯಾಪಾರಿಯೊಬ್ಬರು ಒಪ್ಪಿಕೊಂಡರು. ಮುಂದಿನ ಎರಡು ವರ್ಷದ ಮಾತನ್ನು ಯಾರೂ ಎತ್ತಲಿಲ್ಲ. ಮುತವಲ್ಲಿ ಸಾಹೇಬರು ತೋಟದ ಫೈಲನ್ನು ಬಿಚ್ಚಿ, ಮಡಚಿದ ಅರ್ಜಿಯನ್ನು ಹೊರತೆಗೆದು, ತೊಡೆಯ ಮೇಲಿಟ್ಟು ಅಂಗೈಯಿಂದ ನೀವಿ ನೇರ ಮಾಡಿದರು.